ಕಪ್ಪೆಯೋ ಬೂದಿಯೋ

ಕಣಜದ ಬಾಗಿಲಲ್ಲಿ ಗೆರ್ಲಾಕ್ ಸತ್ತು ಬಿದ್ದಿದ್ದ. ರೈನ್ ನದಿಯೇ ಹೆಪ್ಪುಗಟ್ಟಿದ್ದ ಚಳಿ. ಆದರೂ ಅವನ ಬಾಯೊಳಗೆ ಒಂದು ನೆಲಗಪ್ಪೆ ಮೆಲ್ಲಗೆ ಮಿಸುಕುತ್ತಿತ್ತು. ಹೆಣ ಹೊರಲು ಬಂದ ಲುಡೋಲ್ಫ್ ಅದನ್ನು ಕಂಡು ಶಿಲುಬೆಯ ಗುರುತು ಹಾಕಿಕೊಂಡ. ಅವನೂ ಗೆರ್ಲಾಕನೂ ದೀಕ್ಷೆ ಪಡೆದು ಮಠದ ಹೊಲ ಗೇಯುವ ‘ಸೋದರರು’, ಸನ್ಯಾಸಿಗಳಿಗಿಂತ ಕೆಳಗಿನವರು. ಅಂಥವರು ಅಕ್ಷರ ಕಲಿಯುವಂತಿರಲಿಲ್ಲ. ಅವರ ಬೆವರು ಮಠಕ್ಕೆ ಬೇಕಿತ್ತು, ಓದು ಬೇಡವಾಗಿತ್ತು.

"ದೇವರ ಶಿಕ್ಷೆ. ಕಾಳು ಕದ್ದಿರ್ಬೇಕು. ಕಾಳುಗಳ್ಳನ ನೀತಿಕತೆಯಲ್ಲಿ ಇರೋ ಹಾಗೇ ಆಗಿದೆ," ಎಂದ ಉಗ್ರಾಣದ ಅಧಿಕಾರಿ, ಸನ್ಯಾಸಿ ವಿಪ್ರೆಕ್ಟ್.

ಮಠದಲ್ಲಿ ಎಂಥ ಗೋಜಲಾದರೂ ಬಿಡಿಸುತ್ತಿದ್ದವನು ಮುದುಕ ಸನ್ಯಾಸಿ ಎಗ್ಬರ್ಟ್, ಅಲ್ಲಿಯ ವೈದ್ಯ. ಅವನು ಹೆಣದ ಕೊರಳ ಬಟ್ಟೆ ಸರಿಸಿದ. ಹಗ್ಗ ಬಿಗಿದ ಗುರುತು.

"ದೇವರು ಹಗ್ಗ ಹಿಡ್ಕೊಂಡು ಬರ್ತಾನೇನಪ್ಪಾ?"

ಕೊಲೆಯ ಹೊಣೆ ಆಗ ಹಾಡ್ವಿಗ್ ಎಂಬಾಕೆಯ ತಲೆಗೆ ಬಿತ್ತು. ಬಟ್ಟೆ ಒಗೆದು ಬದುಕುವ ವಿಧವೆ, ಬರಗಾಲದಲ್ಲಿ ಕಣಜದ ಮುಂದೆ ನಿಂತು ಕಾಳಿಗಾಗಿ ಕೂಗಾಡಿದವಳು. ಬಟ್ಟೆ ಹರವುವ ಹಗ್ಗವೂ ಮನೆಯಲ್ಲಿತ್ತು. ಬಡವರನ್ನು ನೇಣಿಗೇರಿಸಲು ಇನ್ನೇನು ಬೇಕು? ಕೊಂದು, ಪ್ರವಚನದಲ್ಲಿ ಕೇಳಿದ ಕತೆಯಂತೆ ಹೆಣದ ಬಾಯಿಗೆ ಕಪ್ಪೆ ತುರುಕಿದ್ದಾಳೆ ಎಂದು ವಿಪ್ರೆಕ್ಟನೇ ವಾದಿಸಿದ. ಮರುದಿನ ನೇಣು ಎಂದಾಯಿತು.

ಗೆರ್ಲಾಕ್ ಈಚೆಗೆ ಏನು ಹೇಳುತ್ತಿದ್ದ ಎಂದು ಎಗ್ಬರ್ಟ್ ಕೇಳಿದ. ಹಿರಿಯ ಮಠದ ಗುರುಗಳು ತನಿಖೆಗೆ ಬಂದಾಗ ಅವರೆದುರೇ ಕಣಜ ತೆರೆದು ಹಸಿದವರಿಗೆ ಹಂಚುತ್ತೇನೆ ಎನ್ನುತ್ತಿದ್ದನೆಂದು ಲುಡೋಲ್ಫ್ ತಿಳಿಸಿದ. ಎಗ್ಬರ್ಟ್ ತಲೆಯಾಡಿಸಿ, ತನಗೊಂದು ನೆಲಗಪ್ಪೆ ಅಗೆದು ತರಲು ಹೇಳಿದ. ಲುಡೋಲ್ಫ್ ಕಂಡಕಂಡಲ್ಲಿ ಅಗೆದ. ಕಲ್ಲಾಗಿದ್ದ ನೆಲಕ್ಕೆ ಗುದ್ದಲಿಯ ಕಾವು ಮುರಿಯಿತೇ ಹೊರತು ಕಪ್ಪೆ ಸಿಗಲಿಲ್ಲ.

ಸಂಜೆ ಮಠಾಧಿಪತಿಗಳ ಮುಂದೆ ಎಲ್ಲರೂ ಚಾವಡಿಯಲ್ಲಿ ಸೇರಿದರು. ಗೇಯುವ ಸೋದರರು ಬಾಗಿಲಾಚೆ ನಿಂತರು. ಹಾಡ್ವಿಗ್‌ಳ ಕೈ ಕಟ್ಟಿತ್ತು.

"ಕಾಳು ಕದ್ದವನ ಕತೆ ಕೇಳಿದೀಯೇನವ್ವಾ?" ಎಂದ ಎಗ್ಬರ್ಟ್.

"ಯಾರು ಕೇಳಿಲ್ಲ ಬುದ್ಧಿ? ಪ್ರತಿ ಸುಗ್ಗೀಲೂ ಅದೇ. ಉಳ್ಳವರು ಕದ್ದ ಕತೆ ಮಾತ್ರ ಒಂದೂ ಹೇಳಲ್ಲ."

"ಅವನ ಬಾಯಿಗೆ ಏನಾಯ್ತು?"

"ಬಾಯಿ ತುಂಬ ಬೂದಿ ಆಯ್ತಂತೆ."

ಬಾಗಿಲಾಚೆ ನಿಂತವರೂ ಹೌದು ಹೌದು, ಬೂದಿ ಎಂದರು. ಲುಡೋಲ್ಫನ ಬಾಯಿಗೂ ಅದೇ ಮಾತು ಬಂದಿತ್ತು.

"ಕಪ್ಪೆ?"

"ಯಾವ ಕಪ್ಪೆ ಬುದ್ಧಿ?"

ಎಗ್ಬರ್ಟ್ ಮಠಾಧಿಪತಿಗಳ ಕಡೆ ತಿರುಗಿದ. "ನೀತಿಕತೆಗಳ ಲ್ಯಾಟಿನ್ ಪುಸ್ತಕದಲ್ಲಿ ಇರೋದು ಕಪ್ಪೆ. ವಯಸ್ಸಲ್ಲಿ ನಾನು ಅದನ್ನ ಹಂಗೇ ಪ್ರವಚನ ಮಾಡಿದೆ. ಜನ ಬಿದ್ದುಬಿದ್ದು ನಕ್ಕರು. ಅವತ್ತಿಂದ ಜನರ ಭಾಷೇಲಿ ಹೇಳುವಾಗ ಕಪ್ಪೆ ಬಿಟ್ಟು ಬೂದಿ ಅಂತೀವಿ. ಪ್ರವಚನದ ಕಡೆ ತಲೆ ಹಾಕದೆ ಪುಸ್ತಕ ಮಾತ್ರ ಓದಿದವರಿಗೆ ಅದು ಗೊತ್ತಿಲ್ಲ. ಈಯಮ್ಮ ಕೊಂದಿದ್ರೆ ಹೆಣದ ಬಾಯಲ್ಲಿ ಬೂದಿ ಇರ್ತಿತ್ತು. ಕಪ್ಪೆ ಇಟ್ಟವನು ಲ್ಯಾಟಿನ್ ಬಲ್ಲವನು."

ಅಷ್ಟಕ್ಕೇ ಅವನು ನಿಲ್ಲಿಸಲಿಲ್ಲ. ನೆಲವೆಲ್ಲ ಕಲ್ಲಾಗಿರುವಾಗ ಕಪ್ಪೆ ಸಿಗುವ ಬೆಚ್ಚಗಿನ ಜಾಗ ಒಂದೇ, ಅಡುಗೆಮನೆಯ ಒಲೆಗಳ ಕೆಳಗಿನ ನೆಲಮಾಳಿಗೆ. ಅದರ ಬೀಗದ ಕೈಯೂ ಒಂದೇ. ಕಣಜವನ್ನು ಬೆಲೆ ಏರುವವರೆಗೆ ಮುಚ್ಚಿಟ್ಟವನ ಸೊಂಟದಲ್ಲೇ ಅದು ತೂಗುತ್ತಿದೆ ಎಂದ. ಎಲ್ಲರ ಕಣ್ಣೂ ವಿಪ್ರೆಕ್ಟನ ಸೊಂಟಕ್ಕೆ ಹೋಯಿತು.

"ಆ ಗೆರ್ಲಾಕನ ಮಾತು ಕೇಳಿದ್ರೆ ಮಠವೇ ಮುಳುಗ್ತಿತ್ತು. ಗೇಯೋ ಆಳು ಅವನು," ಎಂದ ವಿಪ್ರೆಕ್ಟ್, ದನಿ ಏರಿಸದೆ.

ಹಾಡ್ವಿಗ್‌ಳ ಕಟ್ಟು ಬಿಚ್ಚಿದರು. ಸನ್ಯಾಸಿಗೆ ನೇಣಿಲ್ಲ, ವಿಪ್ರೆಕ್ಟನಿಗೆ ದೂರದ ಮಠದಲ್ಲಿ ಒಣರೊಟ್ಟಿ ಮತ್ತು ಪ್ರಾರ್ಥನೆ ಎಂದಾಯಿತು. ಮಠದ ಮಾನ ಹೋಗಬಾರದೆಂದು, ಗೆರ್ಲಾಕನ ಸಾವನ್ನು ಕಾಳು ಕದ್ದವನ ಕತೆಯಾಗಿಯೇ ಪುಸ್ತಕಕ್ಕೆ ಸೇರಿಸಲು ಮಠಾಧಿಪತಿಗಳು ಅಪ್ಪಣೆ ಕೊಟ್ಟರು. ಎಗ್ಬರ್ಟ್ ಎದ್ದು ವಿರೋಧಿಸಿದ. ಅವನನ್ನು ಕೂರಿಸಿದರು. ಹೊಸ ಅಧಿಕಾರಿ ಬರುವವರೆಗೆ ಕಣಜ ಕಾಯಲು ಲುಡೋಲ್ಫನಿಗೆ ಬೀಗದ ಕೈ ಕೊಟ್ಟರು.

ಅವನು ಕಣಜಕ್ಕೆ ಬಂದಾಗ ಹಾಡ್ವಿಗ್ ಮಣಿಕಟ್ಟು ಉಜ್ಜಿಕೊಳ್ಳುತ್ತ ಅಲ್ಲೇ ನಿಂತಿದ್ದಳು.

"ನಮ್ಮ ಗೆರ್ಲಾಕಣ್ಣನ್ನ ಕಳ್ಳ ಅಂತ ಬರೀತಾರಂತಲ್ಲೋ?"

ಲುಡೋಲ್ಫ್ ಬೀಗಕ್ಕೆ ಕೈ ಹಾಕಿ ತಿರುಗಿಸಿದ. ಬಾಗಿಲು ಕಿರುಗುಟ್ಟಿತು.

"ಮಡಿಲು ಒಡ್ಡಕ್ಕ. ಹೋಗಿ ಊರವರನ್ನೆಲ್ಲ ಕರ್ಕೊಂಡು ಬಾ. ಅವನು ಹೆಂಗೆ ಸತ್ತ ಅಂತ ಕಾಳು ಅಳೀತಾ ಹೇಳ್ತೀನಿ."