ನಾಲ್ಕನೇ ತಂತಿ

"ಆ ಪಿಟೀಲಿಗೆ ನಾಲ್ಕನೇ ತಂತಿ ಕಟ್ಟಬೇಡ. ಅದಕ್ಕೆ ಮಾಟ ಮಾಡಿಸಿದ್ದಾರೆ," ಎಂದು ಮೇಷ್ಟ್ರು ಪಿಸುಗುಟ್ಟಿದರು. ಹದಿನೆಂಟು ವರ್ಷದಿಂದ ಅವರಿಗಿದ್ದದ್ದು ಆ ಪಿಸುದನಿಯೊಂದೇ.

"ಮಾಟನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ ಮೇಷ್ಟ್ರೇ. ಮೂರೇ ತಂತಿ ಹಾಕಿ ಮೂಲೇಲಿ ನೇತುಹಾಕಿದ್ರೆ ಯಾವ ಪಿಟೀಲಾದ್ರೂ ಶಾಪ ಹಾಕುತ್ತೆ!" ಎಂದಳು ಶಿಷ್ಯೆ.

ಆರು ತಿಂಗಳಿಂದ ಅವಳು ಅವರ ಬಳಿ ತಂತಿವಾದ್ಯ ಕಟ್ಟುವುದು, ರಿಪೇರಿ ಮಾಡುವುದು ಕಲಿಯುತ್ತಿದ್ದಳು. ಬಾಯಿಗೆ ಬಿಡುವೇ ಇಲ್ಲದ ಹೆಂಗಸು. ಮೇಷ್ಟ್ರು ಇಟ್ಟ ಅಡ್ಡಹೆಸರು ರೇಡಿಯೋ. ಮನೆಯಲ್ಲಿ ಅವಳ ಕತೆ ಕೇಳದೆ ಮಗಳು ಮಲಗುತ್ತಿರಲಿಲ್ಲ. ಇಲ್ಲಿ ಒಂದೇ ಕಟ್ಟುಪಾಡು: ಶ್ರುತಿಪೆಟ್ಟಿಗೆ ಮುಟ್ಟಕೂಡದು. ಬಿರಡೆ ತಿರುಗಿಸುತ್ತ, ತಂತಿ ಅವಳ ದನಿಗೆ ಬಂದು ಕೂಡುವವರೆಗೆ ಗಂಟಲಲ್ಲೇ ಗುನುಗಬೇಕು.

ಮಧ್ಯಾಹ್ನ ಮೇಷ್ಟ್ರು ಹೊರಗೆ ಹೋದದ್ದೇ ತಡ, ಅವಳು ಪಿಟೀಲು ಇಳಿಸಿದಳು. ಒಲೆಯ ಮೇಲೆ ತೊಗಲಿನ ಅಂಟು ಕುದಿಯುತ್ತಿತ್ತು. ಕೋಣೆಯೆಲ್ಲ ಚರ್ಮ ಬೆಂದ ಘಾಟು. ಪಿಟೀಲಿನ ಮೈಮೇಲಿನ ಸೀಳುಗಂಡಿಯೊಳಗೆ ಪುಟ್ಟ ಕನ್ನಡಿ ತೂರಿಸಿ ನೋಡಿದಳು. ಒಳಗಿನ ಕಡ್ಡಿಗೆ ಯಾರದೋ ಉದ್ದ ಕೂದಲು ಸುತ್ತಿ, ಏಳು ಗಂಟು ಹಾಕಿತ್ತು.

"ಕೂದಲಿಗೆ ಹೆದರೋದಾದ್ರೆ ನಾನು ಬಾಚಣಿಗೇನೇ ಮುಟ್ಟಬಾರದು," ಎಂದು ನಕ್ಕಳು.

ತಂತಿ ಕಟ್ಟಿದಳು. ಬಿರಡೆ ತಿರುಗಿಸಿದಳು. ಗುನುಗಿದಳು.

ತಂತಿ ತಿರುಗಿ ಗುನುಗಿತು. ಅವಳದೇ ದನಿ. ದೀಪ ಮಂಕಾಯಿತು. ಕೂದಲು ಸುಟ್ಟ ವಾಸನೆ. ಗಂಟಲಲ್ಲಿ ಮಂಜುಗಡ್ಡೆ ಇಳಿದ ಹಾಗೆ. ಕಿರುಚಲು ಬಾಯಿ ತೆರೆದಳು. ಗಾಳಿ. ಬರೀ ಗಾಳಿ.

ಬಾಗಿಲಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಮೇಷ್ಟ್ರು! ತುಂಬುಕಂಠದ ನಗು.

"ಕ್ಷಮಿಸು ರೇಡಿಯೋ. ನನಗೂ ಒಬ್ಬರು ಹೀಗೇ ಬೇಡ ಅಂದಿದ್ರು. ಈಗ ತಂತಿ ಬಿಚ್ಚಿದ್ರೂ ನಿನ್ನ ದನಿ ಅದರೊಳಗೇ ಇರುತ್ತೆ. ಇನ್ನೊಬ್ಬ ಹಟಮಾರಿ ಕಲಿಯೋಕೆ ಬರಲಿ. ಗುನುಗೋದು ಕಲಿಸು, ನಾಲ್ಕನೇ ತಂತಿ ಬೇಡ ಅನ್ನು. ಅವನು ಕಟ್ಟಿದ ದಿನ ನಿಂದು ನಿನಗೆ ಸಿಗುತ್ತೆ."

ಆರು ತಿಂಗಳು ಅವಳು ಕಲಿತದ್ದು ಇದಕ್ಕೇ! ಮೈಯೆಲ್ಲ ಉರಿದುಹೋಯಿತು. ಪಿಟೀಲನ್ನು ಬೆಂಚಿಗೆ ಒತ್ತಿ ಹಿಡಿದು ಗರಗಸ ತೆಗೆದುಕೊಂಡಳು.

"ಹುಚ್ಚೀ! ಅದನ್ನ ಮುರಿದ್ರೆ ಜನ್ಮಪೂರ್ತಿ ಮೂಕಿಯಾಗಿರ್ತೀಯ!"

ಅವಳು ಅವರ ಕಣ್ಣಲ್ಲಿ ಕಣ್ಣಿಟ್ಟು ಗರಗಸ ಎಳೆದಳು. ಪಿಟೀಲು ಅವಳದೇ ದನಿಯಲ್ಲಿ ಚೀರಿತು. ಅತ್ತಿತು. ಅಂಗಲಾಚಿತು. ಪಿಟೀಲಿನ ಕೊರಳು ಅರ್ಧ ಕುಯ್ದಾಗಿತ್ತು, ಆಗ ಫೋನು ಬಡಿದುಕೊಂಡಿತು. ಶಾಲೆ ಬಿಟ್ಟ ಮಗಳು. ಮನಸ್ಸು ತಡೆಯಲಿಲ್ಲ, ಗುಂಡಿ ಒತ್ತಿದಳು.

"ಅಮ್ಮಾ, ನಿನ್ನೆ ಕತೆ ಮಧ್ಯೆ ನಿದ್ದೆ ಬಂದ್ಬಿಡ್ತು. ಆ ಹುಡುಗಿ ರಾಕ್ಷಸನಿಗೆ ಏನಂದ್ಲು?"

ಗರಗಸ ನಿಂತಿತು. ಇನ್ನೂ ಕಾಲ ಮಿಂಚಿರಲಿಲ್ಲ; ಇಷ್ಟಕ್ಕೇ ಬಿಟ್ಟು, ಅಂಟು ಹಾಕಿ ಕೂಡಿಸಿ, ಯಾರೋ ಒಬ್ಬನಿಗೆ ಕಾಯಬಹುದಿತ್ತು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

"ಅಮ್ಮಾ? ಹೇಳಮ್ಮಾ."

ಅವಳು ಫೋನನ್ನು ಬೆಂಚಿನ ಮೇಲೆ, ಪಿಟೀಲಿನ ಪಕ್ಕದಲ್ಲೇ ಇಟ್ಟಳು. ತನ್ನ ದನಿ ಕೊನೆಯ ಸಲ ಮಗಳಿಗೆ ಚೆನ್ನಾಗಿ ಕೇಳಲಿ ಎಂದು, ಉಳಿದರ್ಧವನ್ನು ನಿಧಾನವಾಗಿ ಕುಯ್ದಳು.