ಮಡಿಯಲ್ಲಿದ್ದ ಪ್ರೋಟೀನು

ಮೈಸೂರಿನ ಪ್ರಯೋಗಾಲಯದಲ್ಲಿ ಮಡಿಕೆಯಂತ್ರ ಸಣ್ಣಗೆ ಗುನುಗುತ್ತಿತ್ತು. ಆಡಿದ ಮಾತನ್ನು ಕೇಳಿ, ಜೀವಕೋಶದೊಳಗಿನ ಪ್ರೋಟೀನುಗಳನ್ನು ಬೆಳಕಿನ ಎಳೆಗಳಿಂದ ಬೇಕಾದ ಆಕಾರಕ್ಕೆ ಮಡಿಸುವ ಯಂತ್ರ ಅದು. ಅದರ ಮುಂದೆ ಸಂಶೋಧನಾ ವಿದ್ಯಾರ್ಥಿನಿ ಮೇದಿನಿ ಕುಳಿತಿದ್ದಳು. ಮಾರು ದೂರದಲ್ಲಿ ನಿಂತವರು ಅವಳ ಸೋದರತ್ತೆ ತುಂಗಮ್ಮ. ಅಂದು ವ್ರತ, ಮಡಿಯಲ್ಲೇ ಬಂದಿದ್ದರು. ಹಾದಿಯುದ್ದಕ್ಕೂ ಮಡಿ ಹೇಗೆ ಉಳಿಯಿತೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಯಂತ್ರದ ತಟ್ಟೆಯಲ್ಲಿದ್ದುದು ತುಂಗಮ್ಮನವರದೇ ಕ್ಯಾನ್ಸರ್ ಗಡ್ಡೆಯ ಕೋಶಗಳು. ಅವು ಇಂದು ಸತ್ತರೆ ಅವರಿಗೆ ಈ ಚಿಕಿತ್ಸೆ. ಸಾಯದಿದ್ದರೆ ವೈದ್ಯರ ಬಳಿ ಬೇರೆ ದಾರಿ ಉಳಿದಿರಲಿಲ್ಲ.

"ಏನೇ, ನನ್ನ ಗಡ್ಡೆ ಹಾಡ್ತಿದೆಯಾ?"

"ಅದು ಯಂತ್ರ, ಅತ್ತೆ. ನಿಮ್ಮ ಗಡ್ಡೆ ಹೇಳಿದ ಮಾತೇ ಕೇಳ್ತಿಲ್ಲ."

"ನಿಮ್ಮಪ್ಪನ ತಂಗಿ ಗಡ್ಡೆ ತಾನೆ."

ಪ್ರತಿ ಕೋಶದಲ್ಲೂ ಒಂದು ಬಗೆಯ ಕಾವಲು ಪ್ರೋಟೀನು ಇರುತ್ತದೆ. ಕೋಶ ತೀರಾ ಕೆಟ್ಟಾಗ 'ಇನ್ನು ಸಾಕು, ಹೊರಡು' ಎಂದು ಅಪ್ಪಣೆ ಕೊಡುವುದು ಅದರ ಕೆಲಸ. ತುಂಗಮ್ಮನವರ ಗಡ್ಡೆಯಲ್ಲಿ ಆ ಕಾವಲಿನದೇ ಆಕಾರ ಸೊಟ್ಟಗಾಗಿತ್ತು. ಮೇದಿನಿ "ಮಡಿಸು" ಎನ್ನುವಳು, ಯಂತ್ರ ಮಡಿಸುವುದು. ಅರ್ಧ ಮಡಿಸುವಷ್ಟರಲ್ಲಿ ಅದು ಪಕ್ಕದ್ದಕ್ಕೆ ಅಂಟಿ ಮುದ್ದೆಯಾಗುವುದು. ಬೆಳಗಿನಿಂದ ಇದೇ ಆಗಿತ್ತು.

ಬೇಸತ್ತ ಹುಡುಗಿ ಎದ್ದು ಅತ್ತೆಯ ಹತ್ತಿರ ಬಂದಳು.

"ಮಡಿ, ಮಡಿ. ಮುಟ್ಟಬೇಡ. ದೂರ ನಿಲ್ಲು," ಎಂದು ತುಂಗಮ್ಮ ಹಿಂದೆ ಸರಿದರು.

ಯಂತ್ರ ಅದನ್ನೂ ತನಗಿತ್ತ ಅಪ್ಪಣೆಯೆಂದುಕೊಂಡಿತು; ಅದಕ್ಕೆ ಗೊತ್ತಿದ್ದುದು ಮಡಿಸುವ ಮಡಿ ಒಂದೇ. ಅದು ಒಂದೊಂದು ಪ್ರೋಟೀನನ್ನೂ ಬೆಳಕಿನ ಪುಟ್ಟ ಕೋಣೆಯಲ್ಲಿ ಬೇರೆಯಾಗಿಟ್ಟು ಮಡಿಸತೊಡಗಿತು. ಯಾವುದೂ ಯಾವುದಕ್ಕೂ ಅಂಟಲಿಲ್ಲ. ಗಮಕಿ ಪದ ಬಿಡಿಸಿ ಹೇಳಿದ ಪದ್ಯದ ಹಾಗೆ ಎಲ್ಲವೂ ಪರದೆಯ ಮೇಲೆ ಬಿಡಿಬಿಡಿಯಾಗಿ, ಚೊಕ್ಕವಾಗಿ ನಿಂತವು.

"ನೋಡ್ದೆಯಾ? ಹಿರಿಯರು ಸುಮ್ನೆ ಮಾಡಿಲ್ಲ," ಎಂದರು ತುಂಗಮ್ಮ, ಸಂಶೋಧನೆ ತಮ್ಮದೇ ಎಂಬ ಗತ್ತಿನಲ್ಲಿ.

ಆದರೆ ಕೋಶಗಳು ಸಾಯಲಿಲ್ಲ.

ಮೇದಿನಿ ಹಣೆ ಚಚ್ಚಿಕೊಂಡಳು. "ಈ ಪ್ರೋಟೀನು ಒಂಟಿಯಾಗಿ ಏನೂ ಮಾಡಲ್ಲ ಅತ್ತೆ. ನಾಲ್ಕು ಸೇರಿ ಕೈ ಕೈ ಹಿಡಿದ್ರೇನೇ ಅಪ್ಪಣೆ ಹೊರಡೋದು. ನಿಮ್ಮ ಮಡೀಲಿ ಒಂದೂ ಪಕ್ಕದ್ದನ್ನ ಮುಟ್ತಿಲ್ಲ."

"ಮುಟ್ಟು ಅಂತ ಹೇಳು ಅದಕ್ಕೆ."

"ಹೇಳಿದೆ. ಯಂತ್ರಕ್ಕೆ ಅಪ್ಪಣೆ ಕೊಟ್ಟವರ ಧ್ವನೀಲೇ ಬಿಡಿಸ್ಬೇಕಂತೆ. ನೀವೇ 'ಮಡಿ ಬಿಟ್ಟೆ' ಅನ್ನಿ."

"ಇನ್ನೂ ನೈವೇದ್ಯ ಆಗಿಲ್ಲ, ಹೇಗೆ ಅನ್ನಲಿ?"

"ಬಾಯಿಮಾತಿಗೆ ಅನ್ನಿ."

"ವ್ರತದ ದಿನ ಸುಳ್ಳು ಹೇಳಿಸ್ತೀಯಾ?"

ತುಂಗಮ್ಮ ಪರದೆಯನ್ನು ನೋಡಿದರು. ಕಣ್ಣು ಮುಚ್ಚಿ ತುಟಿಯಲ್ಲೇ ದೇವರಿಗೇನೋ ಒಪ್ಪಿಸಿದರು. ಸುಳ್ಳಾಗಬಾರದಲ್ಲ, ಮುಂದೆ ಬಂದು ಮೇದಿನಿಯ ಕೈಯನ್ನು ಗಟ್ಟಿಯಾಗಿ ಹಿಡಿದು, ಯಂತ್ರದ ಕಡೆ ತಿರುಗಿ ಹೇಳಿದರು: "ಮಡಿ ಬಿಟ್ಟೆ ಕಣಪ್ಪ. ಮುಟ್ಟಿಕೊಳ್ಳಿ."

ಬೆಳಕಿನ ಕೋಣೆಗಳು ಕರಗಿದವು. ಪ್ರೋಟೀನುಗಳು ನಾಲ್ಕು ನಾಲ್ಕಾಗಿ ಕೂಡಿಕೊಂಡವು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ಒಂದು ಕೋಶ ಸುರುಟಿಕೊಂಡಿತು; ಹಿಂದೆಯೇ ಇನ್ನೊಂದು.

"ಕೈ ಬಿಡಿ ಅತ್ತೆ, ನಮ್ಮ ಗೈಡ್ ಸರ್‌ನ ಕರೀಬೇಕು," ಎಂದಳು ಮೇದಿನಿ.

"ಕರೆಯುವಿಯಂತೆ, ಇರೇ," ಎಂದರು ತುಂಗಮ್ಮ. "ಹೇಗೂ ಮತ್ತೆ ಸ್ನಾನ ಮಾಡಲೇಬೇಕು. ಇನ್ನಷ್ಟು ಹೊತ್ತು ಮುಟ್ಟಿಸ್ಕೊಂಡೇ ಇರ್ತೀನಿ."