ಅವನ ಮಾತು ಪ್ರಬಂಧದಲ್ಲಿಲ್ಲ

"ನಮ್ಮ ಮನೆ ಕಷ್ಟ ಬರ್ಕೊಂಡು ಹೋಗಿ ಡಾಕ್ಟರೇಟ್ ತಗೋಬೇಕಾ? ಇಲ್ಲಿ ಏನೂ ಸಿಗಲ್ಲ, ಹೊರಡಿ!"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಬಿಸಿನೀರಿನ ಚೀಲ, ಹೆಗಲ ಮೇಲೆ ಒದ್ದೆ ಟವೆಲ್. ಸಂದರ್ಶನಕ್ಕೆಂದು ಬಂದಿದ್ದ ಅವಳು ತೆರೆದ ನೋಟ್‌ಬುಕ್ ಮುಚ್ಚಿದಳು.

ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಗಂಡಸರ ಮನಸ್ಸಿನಲ್ಲಿ ಏನಿರುತ್ತದೆ? ಇದೇ ಅವಳ ಸಂಶೋಧನೆ. ಆದರೆ ಕೇಳಿದವರೆಲ್ಲ "ಏನಿಲ್ಲ, ನಡೀತಿದೆ" ಎಂದು ಎದ್ದುಬಿಡುತ್ತಿದ್ದರು. ಇವನಂತೂ ಕೂರಲೂ ಬಿಡುತ್ತಿಲ್ಲ!

ಅಷ್ಟರಲ್ಲಿ ಒಳಗಿನಿಂದ ಅವನ ಅಮ್ಮನ ಕೂಗು. ಸೊಂಟ ಮುರಿದಿದ್ದರೂ ಗಂಟಲು ಗಟ್ಟಿಯಾಗಿತ್ತು.

"ಯಾರೋ ಅದು? ಒಳಗೆ ಕರಿಯೋ ಮಾರಾಯ! ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ!"

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಗಂಟುಮುಖವೂ ಸಡಿಲವಾಯಿತು.

"ಬನ್ನಿ... ಇಲ್ಲದಿದ್ರೆ ನನ್ನ ಗ್ರಹಚಾರ ಬಿಡಿಸ್ತಾರೆ."

ಕನ್ನಡಕದ ಅಂಗಡಿ ನಡೆಸುತ್ತಿದ್ದ ಅವನು ಮೊದಮೊದಲು ಅಳೆದು ತೂಗಿ ಮಾತಾಡಿದ. ಅವಳು ಆಗಾಗ ಹೋದಳು. ಅಮ್ಮನ ದಿಂಬು ಸರಿಮಾಡಿದಳು, ಅವರ ಹಳೇ ಜಗಳಗಳನ್ನೆಲ್ಲ ಕೇಳಿಸಿಕೊಂಡಳು. ಒಂದು ಮಧ್ಯಾಹ್ನ ಅವನೇ ಶುರುಮಾಡಿದ.

"ಅಮ್ಮನಿಗೆ ಮೊದಲ ಸಲ ಸ್ನಾನ ಮಾಡಿಸುವಾಗ ಸಂಕೋಚಕ್ಕೆ ಇಬ್ರೂ ಕಣ್ಣು ಮುಚ್ಕೊಂಡಿದ್ವಿ. ನೀರೆಲ್ಲ ನನ್ನ ಮೈಮೇಲೇ ಹುಯ್ಕೊಂಡೆ. ಇಬ್ರೂ ಬಿದ್ದು ಬಿದ್ದು ನಕ್ವಿ. ಆಮೇಲೆ... ಅಡುಗೆಮನೆಗೆ ಹೋಗಿ ಒಬ್ನೇ ಅತ್ತೆ. ಇದನ್ನ ಯಾರಿಗೂ ಹೇಳಿಲ್ಲ."

ಅವಳು ಪೆನ್ನು ಕೆಳಗಿಟ್ಟಳು.

'ಇವನ ಕೈ ಹಿಡ್ಕೋಬೇಕು ಅನ್ನಿಸ್ತಿದೆಯಲ್ಲ... ನಾನು ಇಲ್ಲಿಗೆ ಬಂದಿದ್ದೇನಕ್ಕೆ?'

ಹೆದರಿಕೆಯಾಯಿತು. ಮನಸ್ಸಿಗೆ ಹಚ್ಚಿಕೊಂಡವನ ಬಗ್ಗೆ ಬರೆದರೆ ಅದನ್ನು ಯಾರು ನಂಬುತ್ತಾರೆ? ಅವಳು ಹೋಗುವುದನ್ನೇ ಬಿಟ್ಟಳು. ಅವನ ಫೋನೂ ಎತ್ತಲಿಲ್ಲ.

ಕೊನೆಗೆ ಅವನಿಂದ ಒಂದು ಮೆಸೇಜು ಬಂತು: "ನಿಮ್ಮ ಕೆಲಸ ಆಯ್ತಲ್ಲ, ಸಂತೋಷ. ಅಮ್ಮ ಮಾತ್ರ ದಿನಾ ಕೇಳ್ತಾರೆ."

ಅವಳು ಅದನ್ನು ಎರಡೆರಡು ಸಲ ಓದಿದಳು. ನೇರವಾಗಿ ಗೈಡ್ ಮೇಡಂ ಕೋಣೆಗೆ ನುಗ್ಗಿದಳು.

"ಮೇಡಂ, ಕನ್ನಡಕದವರ ಸಂದರ್ಶನ ತೆಗೆದುಬಿಡ್ತೀನಿ."

"ಹುಚ್ಚು ಹಿಡಿದಿದ್ಯಾ? ನಿನ್ನ ಪ್ರಬಂಧದ ಜೀವಾನೇ ಅದು!"

"ಅದಕ್ಕೇ ಮೇಡಂ... ನನ್ನ ಜೀವಾನೂ ಅಲ್ಲೇ ಸಿಕ್ಕಿಹಾಕ್ಕೊಂಡಿದೆ."

ಮೇಡಂ ಅವಳನ್ನೇ ದಿಟ್ಟಿಸಿದರು. ಆಮೇಲೆ ಜೋರಾಗಿ ನಕ್ಕರು.

"ಬೇರೆಯವರನ್ನ ಹುಡುಕೋಕೆ ಇನ್ನೂ ಆರು ತಿಂಗಳು ಅಲೀಬೇಕಾಗುತ್ತೆ. ಪರವಾಗಿಲ್ವಾ?"

"ಪರವಾಗಿಲ್ಲ!"

ಅಂಗಡಿಯಲ್ಲಿ ಅವನು ಗಾಜು ಒರೆಸುತ್ತಿದ್ದ. ಅವಳನ್ನು ನೋಡಿಯೂ ನೋಡದವನಂತೆ ಕೇಳಿದ:

"ಇನ್ನೇನಾದ್ರೂ ಕೇಳೋದು ಬಾಕಿ ಇತ್ತಾ?"

"ಇಲ್ಲ. ನಿಮ್ಮ ಮಾತನ್ನ ಪ್ರಬಂಧದಿಂದ ಪೂರ್ತಿ ತೆಗೆದುಬಿಟ್ಟೆ."

ಅವನ ಮುಖ ಸಪ್ಪಗಾಯಿತು. "ಅಷ್ಟು ಕೆಟ್ಟದಾಗಿ ಮಾತಾಡಿದ್ನಾ?"

"ಅಯ್ಯೋ, ಹಾಗಲ್ಲ! ನಿಮ್ಮ ಮಾತು ಕೇಳಿದ್ಮೇಲೆ ಬೇರೆಯವರ ಮಾತು ಕಿವಿಗೇ ಬೀಳ್ತಿಲ್ಲ. ನೀವು... ನನಗೆ ಇಷ್ಟ. ಇಷ್ಟಪಟ್ಟು ಬರೆದ್ರೆ ಮೋಸ ಆಗುತ್ತೆ. ನಿಮಗೆ ಹೇಳ್ದೇ ಓಡಿಹೋಗಿದ್ದೂ ತಪ್ಪಾಯ್ತು."

ಅವನ ಕೈಯಲ್ಲಿದ್ದ ಬಟ್ಟೆ ಜಾರಿ ಬಿತ್ತು.

"ದಿನಾ ಊರವರ ಕಣ್ಣು ನೋಡ್ತೀನಿ... ನಿಮ್ಮ ಕಣ್ಣಲ್ಲಿದ್ದದ್ದು ಕಾಣ್ಲೇ ಇಲ್ವಲ್ಲ!"

ಇಬ್ಬರೂ ನಕ್ಕರು. ಅವನು ಮೆಲ್ಲಗೆ ಅವಳ ಬೆರಳು ಹಿಡಿದ.

"ಅಮ್ಮನಿಗೆ ಏನಂತ ಹೇಳ್ಲಿ?"

"ಸೊಸೆ ಬರ್ತಾಳೆ ಅನ್ನಿ."

"ಅದನ್ನ ಅವರು ಯಾವಾಗ್ಲೋ ತೀರ್ಮಾನ ಮಾಡಿಯಾಗಿದೆ!"

"ಮತ್ತೆ ನೀವು?"

"ನಾನಾ? ಹೇಳೋಕೆ ಧೈರ್ಯ ಬರ್ಲಿ ಅಂತ ಕಾಯ್ತಿದ್ದೆ... ಅಷ್ಟರಲ್ಲಿ ನೀವೇ ಬಂದ್ರಿ."